ಟೆಕ್ನಿಕಲ್ ರೌಂಡಿನಲ್ಲಿ ಯೋಚನೆಯನ್ನು ಬಾಯಿಗೆ ತರುವುದು ಹೇಗೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ಅಭ್ಯರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಪ್ಲೇಸ್‌ಮೆಂಟ್ ಹಂಗಾಮು ಶುರುವಾಯಿತೆಂದರೆ ನಮ್ಮ ಭಾಗದ ಎಂಜಿನಿಯರಿಂಗ್ ಕಾಲೇಜುಗಳ ಕ್ಯಾಂಟೀನಿನಲ್ಲಿ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: ‘ಸಬ್ಜೆಕ್ಟ್ ಬರ್ತದರಿ, ಕಮ್ಯುನಿಕೇಶನ್ ಒಂದು ಕೈ ಕೊಡತದ.’ ಹೀಗೆ ಹೇಳುವವರಲ್ಲಿ ಹೆಚ್ಚಿನವರು ಕಮ್ಯುನಿಕೇಶನ್ ಎಂದರೆ ಇಂಗ್ಲಿಷ್ ಎಂದೇ ತಿಳಿದಿರುತ್ತಾರೆ. ಆಪ್ಟಿಟ್ಯೂಡ್ ಪರೀಕ್ಷೆ ದಾಟಿ ಟೆಕ್ನಿಕಲ್ ರೌಂಡಿನಲ್ಲಿ ಹೊರಬಿದ್ದರೆ ಮರುದಿನವೇ ಸ್ಪೋಕನ್ ಇಂಗ್ಲಿಷ್ ತರಗತಿ ಹುಡುಕುತ್ತಾರೆ. ಇಂಗ್ಲಿಷ್ ಕಲಿಯುವುದು ಒಳ್ಳೆಯದೇ. ಆದರೆ ಟೆಕ್ನಿಕಲ್ ರೌಂಡಿನಲ್ಲಿ ಅಳೆಯುವ ಸಂವಹನ ಬೇರೆಯದು, ಮತ್ತು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರೂ ಕೆಲವು ವಾರಗಳ ಶ್ರದ್ಧೆಯಿಂದ ಅದನ್ನು ಕೈವಶ ಮಾಡಿಕೊಳ್ಳಬಹುದು.

ಸಂದರ್ಶಕರು ಕುಳಿತ ಕುರ್ಚಿಯಿಂದ ಒಮ್ಮೆ ನೋಡಿ. ಸಂದರ್ಶನ ಮುಗಿದ ಮೇಲೆ ಅವರು ಟಿಪ್ಪಣಿ ಬರೆಯಬೇಕಾಗುತ್ತದೆ: ಅಭ್ಯರ್ಥಿ ಪ್ರಶ್ನೆಯನ್ನು ಹೇಗೆ ಅರ್ಥಮಾಡಿಕೊಂಡರು, ಯಾವ ಯಾವ ದಾರಿಗಳನ್ನು ತೂಗಿ ನೋಡಿದರು, ಅವುಗಳಲ್ಲಿ ಒಂದನ್ನೇ ಏಕೆ ಹಿಡಿದರು, ಎಡವಿದಾಗ ಹೇಗೆ ಸಾವರಿಸಿಕೊಂಡರು. ಅನೇಕ ಕಂಪನಿಗಳಲ್ಲಿ ಕೊನೆಯ ತೀರ್ಮಾನ ಮಾಡುವವರು ಅಭ್ಯರ್ಥಿಯ ಮುಖವನ್ನೇ ಕಂಡಿರುವುದಿಲ್ಲ, ಆ ಟಿಪ್ಪಣಿಯನ್ನಷ್ಟೇ ಓದಿರುತ್ತಾರೆ. ತಲೆಯೊಳಗೆ ಎಷ್ಟೇ ಚೊಕ್ಕವಾಗಿ ನಡೆದ ವಿಚಾರವಾದರೂ ಬಾಯಿಗೆ ಬರದೆ ಹೋದರೆ ಆ ಹಾಳೆಗೆ ಇಳಿಯುವುದಿಲ್ಲ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಇದೊಂದರ ಮೇಲೆ ನಿಂತಿವೆ.

ಹಂತ 1: ವೈವಾ ರೂಢಿಯಿಂದ ಹೊರಬರುವುದು

ಬೆಳಗಾವಿಯ ಜ್ಞಾನಸಂಗಮದಲ್ಲಿ ಕೇಂದ್ರ ಕಚೇರಿ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಸ್ಥಾಪನೆಯಾದಂದಿನಿಂದ ಅದರ ವ್ಯಾಪ್ತಿಯ ವಿದ್ಯಾರ್ಥಿಗಳು ಪ್ರತಿ ಸೆಮಿಸ್ಟರಿನ ಲ್ಯಾಬ್ ಪರೀಕ್ಷೆಯಲ್ಲಿ ವೈವಾ (ಮೌಖಿಕ ಪರೀಕ್ಷೆ) ಎದುರಿಸುತ್ತ ಬಂದಿದ್ದಾರೆ. ವೈವಾದಲ್ಲಿ ಪ್ರಶ್ನೆ ಚಿಕ್ಕದು, ಉತ್ತರ ಒಂದು ಸಾಲಿನದು. ವ್ಯಾಖ್ಯೆ ಒಪ್ಪಿಸಿದೊಡನೆ ಪರೀಕ್ಷಕರು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ನಾಲ್ಕು ವರ್ಷ ಹೀಗೆ ಪಳಗಿದ ನಾಲಿಗೆ ಸಂದರ್ಶನದಲ್ಲಿಯೂ ಒಂದೇ ಸಾಲಿಗೆ ನಿಂತುಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಅಭ್ಯರ್ಥಿಗಳ ದೊಡ್ಡ ತೊಡಕು ಇಂಗ್ಲಿಷ್ ಅಲ್ಲ, ಈ ರೂಢಿ.

ಒಂದು ಉದಾಹರಣೆ ನೋಡೋಣ. ಇಂಡಕ್ಷನ್ ಮೋಟಾರಿನ ಸ್ಲಿಪ್ ಎಂದರೇನು ಎಂದು ವೈವಾದಲ್ಲಿ ಕೇಳುತ್ತಾರೆ. ಅದೇ ವಿಷಯವನ್ನು ಸಂದರ್ಶಕರು ಹೀಗೆ ಕೇಳಬಹುದು: ‘ನಿಮ್ಮ ಹೊಲದ ತ್ರೀ ಫೇಸ್ ಪಂಪ್‌ಸೆಟ್ಟಿನ ನೇಮ್‌ಪ್ಲೇಟಿನ ಮೇಲೆ 2880 ಆರ್‌ಪಿಎಂ ಎಂದಿರುತ್ತದೆ. 3000 ಏಕಲ್ಲ?’ ಇಲ್ಲಿ ವ್ಯಾಖ್ಯೆ ಹೇಳಿದರೆ ಪ್ರಶ್ನೆ ಅರ್ಧಕ್ಕೇ ಉಳಿಯುತ್ತದೆ. ಹೇಳಬೇಕಾದದ್ದು ಒಂದಕ್ಕೊಂದು ಕೊಂಡಿ ಹಾಕಿದ ಕಾರಣಗಳ ಸರಪಳಿ. ಎರಡು ಪೋಲ್‌ಗಳ ಮೋಟಾರಿಗೆ 50 ಹರ್ಟ್ಸ್ ವಿದ್ಯುತ್ ಕೊಟ್ಟರೆ ಕಾಂತಕ್ಷೇತ್ರ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ರೋಟರ್ ಕೂಡ ಅದೇ ವೇಗದಲ್ಲಿ ತಿರುಗಿದರೆ ಎರಡರ ನಡುವೆ ಸಾಪೇಕ್ಷ ಚಲನೆ ಉಳಿಯುವುದಿಲ್ಲ. ಚಲನೆ ಇಲ್ಲದಿದ್ದರೆ ರೋಟರಿನಲ್ಲಿ ವೋಲ್ಟೇಜ್ ಪ್ರೇರಿತವಾಗುವುದಿಲ್ಲ, ಕರೆಂಟ್ ಹರಿಯುವುದಿಲ್ಲ, ಟಾರ್ಕ್ ಹುಟ್ಟುವುದಿಲ್ಲ. ಆದ್ದರಿಂದ ರೋಟರ್ ತುಸು ಹಿಂದೆ ಬಿದ್ದೇ ತಿರುಗಬೇಕು. ಆ ಹಿಂದುಳಿಯುವಿಕೆಯೇ ಸ್ಲಿಪ್, ಇಲ್ಲಿ 120 ಸುತ್ತು, ಅಂದರೆ ಶೇಕಡ 4. ಇದರ ಹಿಂದೆಯೇ ‘ಲೋಡ್ ಹೆಚ್ಚಿದರೆ ಸ್ಲಿಪ್ ಕೂಡ ಹೆಚ್ಚುತ್ತದೆ’ ಎಂದು ಒಂದು ಸಾಲು ಸೇರಿಸಿದರೆ ಮುಂದಿನ ಪ್ರಶ್ನೆಗೆ ನೀವೇ ಬಾಗಿಲು ತೆರೆದಂತಾಗುತ್ತದೆ, ಮತ್ತು ಆ ಪ್ರಶ್ನೆ ನಿಮಗೆ ಗೊತ್ತಿರುವ ಕಡೆಗೇ ಬರುತ್ತದೆ.

ಅಭ್ಯಾಸಕ್ಕಾಗಿ ನಿಮ್ಮ ಶಾಖೆಯ ಮೂಲ ಪರಿಕಲ್ಪನೆಗಳ ಪಟ್ಟಿ ಮಾಡಿಕೊಂಡು, ಪ್ರತಿಯೊಂದಕ್ಕೂ ‘ಏನು’ ಎಂಬ ಪ್ರಶ್ನೆಯ ಬದಲು ‘ಏಕೆ ಹಾಗೆ, ಹಾಗಿರದಿದ್ದರೆ ಏನಾಗುತ್ತಿತ್ತು’ ಎಂದು ಕೇಳಿಕೊಳ್ಳಿ. ಉತ್ತರವನ್ನು ಬರೆಯಬೇಡಿ, ಗಟ್ಟಿಯಾಗಿ ಹೇಳಿ. ಬರೆದು ಬಾಯಿಪಾಠ ಮಾಡಿದ ಉತ್ತರ ನಡುವೆ ಒಂದು ಪ್ರಶ್ನೆ ಬಂದರೆ ಅಲ್ಲೇ ಕಳಚಿಕೊಳ್ಳುತ್ತದೆ.

ಹಂತ 2: ಪ್ರಾಜೆಕ್ಟನ್ನು ಎರಡು ನಿಮಿಷದಲ್ಲಿಯೂ ಇಪ್ಪತ್ತು ನಿಮಿಷದಲ್ಲಿಯೂ ಹೇಳಬಲ್ಲವರಾಗುವುದು

ಫ್ರೆಶರ್‌ಗಳಿಗೆ ಖಚಿತವಾಗಿ ಬರುವ ಪ್ರಶ್ನೆ ಅಂತಿಮ ವರ್ಷದ ಪ್ರಾಜೆಕ್ಟ್ ಕುರಿತದ್ದು, ಆದರೂ ಅತಿ ಕಡಿಮೆ ಸಿದ್ಧತೆ ನಡೆಯುವುದೂ ಅದಕ್ಕೇ. ಸಾಮಾನ್ಯವಾಗಿ ಕೇಳಿಬರುವ ಉತ್ತರ ಪ್ರಾಜೆಕ್ಟ್ ವರದಿಯ ಕ್ರಮದಲ್ಲೇ ಸಾಗುತ್ತದೆ: ಕೃಷಿಯ ಮಹತ್ವ, ನೀರಿನ ಅಭಾವ, ಬಳಸಿದ ಬಿಡಿಭಾಗಗಳ ಪಟ್ಟಿ, ಆಮೇಲೆ ಎಲ್ಲೋ ಕೊನೆಗೆ ಮಾಡಿದ ಕೆಲಸ. ನಮ್ಮ ಕಡೆ ಮಾತು ಹಿನ್ನೆಲೆಯಿಂದಲೇ ಶುರುವಾಗುವುದು ಸಹಜ. ಕಟ್ಟೆಯ ಮೇಲೆ ಕುಳಿತು ಕೇಳುವವರಿಗೆ ಅದರಲ್ಲಿ ರುಚಿಯೂ ಇದೆ. ಸಂದರ್ಶಕರಿಗೆ ಮಾತ್ರ ಮೊದಲು ಬೇಕಾದದ್ದು ಫಲಿತಾಂಶ.

ಇಂಡಿ ತಾಲ್ಲೂಕಿನ ಎರೆ ಹೊಲದಲ್ಲಿರುವ ಲಿಂಬೆ ತೋಟಕ್ಕೆ ಮಣ್ಣಿನ ತೇವ ನೋಡಿ ಹನಿ ನೀರಾವರಿ ಬಿಡುವ ವ್ಯವಸ್ಥೆಯನ್ನು ನಿಮ್ಮ ತಂಡ ಮಾಡಿದೆ ಎಂದುಕೊಳ್ಳಿ. ಮೊದಲ ಎರಡು ನಿಮಿಷದಲ್ಲಿ ನಾಲ್ಕು ಸಂಗತಿಗಳು ಬಂದರೆ ಸಾಕು. ವ್ಯವಸ್ಥೆ ಏನು ಮಾಡುತ್ತದೆ: ಮಣ್ಣಿನ ತೇವ ನಿಗದಿತ ಮಟ್ಟಕ್ಕಿಂತ ಇಳಿದಾಗ ವಾಲ್ವ್ ತೆರೆದು, ಸಾಕಷ್ಟು ತೇವವಾದ ಮೇಲೆ ಮುಚ್ಚುತ್ತದೆ. ಯಾವುದರಿಂದ ಮಾಡಿದ್ದು: ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಚಿಕ್ಕ ಕಂಟ್ರೋಲರ್), ಕೆಪ್ಯಾಸಿಟಿವ್ ತೇವ ಸೆನ್ಸರ್, ರಿಲೇ, ಸೊಲೆನಾಯ್ಡ್ ವಾಲ್ವ್. ನಿಮ್ಮ ಪಾಲಿನ ಕೆಲಸ ಯಾವುದು. ಎದುರಾದ ಅತಿ ಕಷ್ಟದ ತೊಡಕು ಯಾವುದು, ಅದು ಹೇಗೆ ಬಗೆಹರಿಯಿತು.

ನಿಮ್ಮ ಉತ್ತರಕ್ಕೆ ಜೀವ ಬರುವುದು ಈ ಕೊನೆಯದರಲ್ಲಿ. ‘ಸೆನ್ಸರ್ ಸರಿಯಾಗಿ ಕೆಲಸ ಮಾಡಲಿಲ್ಲ, ಆಮೇಲೆ ಸರಿ ಮಾಡಿದೆವು’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಇದನ್ನೇ ಬಿಡಿಸಿ ಹೇಳಿ: ಎರೆ ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ಬಿರುಕು ಸೆನ್ಸರಿನ ಪಕ್ಕಕ್ಕೇ ಬಂದರೆ ಅದರ ಸುತ್ತ ಮಣ್ಣಿನ ಬದಲು ಗಾಳಿ ತುಂಬಿಕೊಂಡು, ನೆಲದಲ್ಲಿ ತೇವವಿದ್ದರೂ ಸೆನ್ಸರ್ ಒಣಗಿದೆ ಎಂದೇ ತೋರಿಸುತ್ತದೆ, ಆಗ ವಾಲ್ವ್ ಅನಗತ್ಯವಾಗಿ ತೆರೆಯುತ್ತದೆ, ಇದನ್ನು ತಡೆಯಲು ಸೆನ್ಸರ್ ಹೂಳುವಾಗ ಸುತ್ತಲೂ ಮಣ್ಣಿನ ರಾಡಿ ತುಂಬಿ ಒತ್ತಿದೆವು, ಒಂದೇ ಜಾಗದಲ್ಲಿ ಎರಡು ಸೆನ್ಸರ್ ಇಟ್ಟು ಹೋಲಿಸಿದೆವು. ಇನ್ನೊಂದು ಸಾಧ್ಯತೆ ಬೋರ್ಡಿಗೆ ಸಂಬಂಧಿಸಿದ್ದು. ಇಎಸ್‌ಪಿ32ರಲ್ಲಿ ವೈಫೈ ಚಾಲೂ ಇರುವಾಗ ಎರಡನೆಯ ಎಡಿಸಿಗೆ (ಅನಲಾಗ್ ಸಂಕೇತವನ್ನು ಅಂಕಿಯಾಗಿ ಬದಲಿಸುವ ಭಾಗಕ್ಕೆ) ಸೇರಿದ ಪಿನ್‌ಗಳಿಂದ ಅನಲಾಗ್ ರೀಡಿಂಗ್ ನೆಚ್ಚಿಕೊಂಡು ತೆಗೆದುಕೊಳ್ಳಲು ಬರುವುದಿಲ್ಲ. ಸೆನ್ಸರನ್ನು ಅಂಥ ಪಿನ್ನಿಗೆ ಜೋಡಿಸಿದ್ದರಿಂದ ವೈಫೈ ಇಲ್ಲದಾಗ ರೀಡಿಂಗ್ ಸರಿಯಿದ್ದು, ವೈಫೈ ಹಾಕಿದೊಡನೆ ಕೆಡುತ್ತಿತ್ತು. ಒಂದೊಂದೇ ಭಾಗವನ್ನು ನಿಲ್ಲಿಸಿ ನೋಡಿದಾಗ ಕಾರಣ ಸಿಕ್ಕಿತು, ಸೆನ್ಸರನ್ನು ಮೊದಲನೆಯ ಎಡಿಸಿಯ ಪಿನ್ನಿಗೆ ಸರಿಸಿದೆವು. ಇಂಥ ಒಂದು ವಿವರವನ್ನು ಕ್ರಮವಾಗಿ ಹೇಳಿದ ಅಭ್ಯರ್ಥಿ ಪ್ರಾಜೆಕ್ಟನ್ನು ಸ್ವತಃ ಮಾಡಿದ್ದಾರೆಯೇ, ಹೊರಗಿನಿಂದ ಕೊಂಡು ತಂದಿದ್ದಾರೆಯೇ ಎಂಬ ಸಂಶಯ ಅಲ್ಲಿಗೇ ತೀರುತ್ತದೆ. ಆ ಸಂಶಯ ಸಂದರ್ಶಕರಿಗೆ ಇದ್ದೇ ಇರುತ್ತದೆ, ಅದಕ್ಕೆ ಕಾರಣವೂ ಇದೆ.

ಆಮೇಲಿನ ಇಪ್ಪತ್ತು ನಿಮಿಷದಲ್ಲಿ ಬರುವ ಪ್ರಶ್ನೆಗಳನ್ನು ಮೊದಲೇ ಊಹಿಸಬಹುದು. ಆ ಮಟ್ಟವನ್ನೇ ಏಕೆ ನಿಗದಿ ಮಾಡಿದಿರಿ? ತೇವ ಅದೇ ಗಡಿಯಲ್ಲಿ ಓಲಾಡುತ್ತಿದ್ದರೆ ವಾಲ್ವ್ ತೆರೆದು ಮುಚ್ಚಿ ಮಾಡುತ್ತಲೇ ಇರುವುದಿಲ್ಲವೆ? ಇದಕ್ಕೆ ತೆರೆಯುವ ಮಟ್ಟ ಬೇರೆ, ಮುಚ್ಚುವ ಮಟ್ಟ ಬೇರೆ ಇಟ್ಟಿದ್ದೇವೆ ಎಂಬ ಉತ್ತರ ಬೇಕು. ನೆಟ್‌ವರ್ಕ್ ಹೋದರೆ ತೋಟಕ್ಕೆ ನೀರು ನಿಲ್ಲುತ್ತದೆಯೆ? ಮತ್ತೊಂದು ಎಚ್ಚರಿಕೆ: ಮೂರ್ನಾಲ್ಕು ಜನ ಸೇರಿ ಮಾಡಿದ ಪ್ರಾಜೆಕ್ಟಿನಲ್ಲಿ ಎಲ್ಲದಕ್ಕೂ ‘ನಾವು ಮಾಡಿದೆವು’ ಎನ್ನುವ ನಮ್ಮ ಸೌಜನ್ಯ ಇಲ್ಲಿ ತೊಂದರೆ ಕೊಡುತ್ತದೆ. ‘ಹಾರ್ಡ್‌ವೇರ್ ಜೋಡಣೆ ಗೆಳೆಯನದು, ಕಂಟ್ರೋಲ್ ಕೋಡ್ ಮತ್ತು ಕ್ಯಾಲಿಬ್ರೇಶನ್ ನನ್ನದು’ ಎಂದು ಗೆರೆ ಎಳೆದು ಹೇಳುವುದು ಜಂಭವಲ್ಲ. ಸಂದರ್ಶಕರಿಗೆ ಯಾವ ಭಾಗದಲ್ಲಿ ಆಳಕ್ಕೆ ಇಳಿಯಬೇಕು ಎಂಬುದು ಅದರಿಂದಲೇ ಗೊತ್ತಾಗುತ್ತದೆ.

ಹಂತ 3: ಕೋಡಿಂಗ್ ಪ್ರಶ್ನೆಯಲ್ಲಿ ಕೈಗಿಂತ ಮೊದಲು ಬಾಯಿ

ಸಾಫ್ಟ್‌ವೇರ್ ಸಂದರ್ಶನಗಳಲ್ಲಿ ಹೆಚ್ಚು ಕಳೆದುಕೊಳ್ಳುವುದು ಇಲ್ಲಿ. ಪ್ರಶ್ನೆ ಕೇಳಿದೊಡನೆ ತಲೆ ತಗ್ಗಿಸಿ ಕೋಡ್ ಬರೆಯತೊಡಗಿ, ಹತ್ತು ನಿಮಿಷದ ನಂತರ ‘ಆಯ್ತು ಸರ್’ ಎನ್ನುವವರು ಸರಿಯಾದ ಉತ್ತರ ಬರೆದಿದ್ದರೂ ಆ ಹತ್ತು ನಿಮಿಷ ಟಿಪ್ಪಣಿಯಲ್ಲಿ ಖಾಲಿ ಉಳಿಯುತ್ತದೆ.

ಎಲ್ಲರಿಗೂ ಪರಿಚಿತವಾದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ: ಸಂಖ್ಯೆಗಳ ಒಂದು ಪಟ್ಟಿ ಕೊಟ್ಟಿದೆ, ಕೂಡಿದರೆ ನಿರ್ದಿಷ್ಟ ಮೊತ್ತ ಬರುವ ಎರಡು ಸಂಖ್ಯೆಗಳನ್ನು ಹುಡುಕಬೇಕು. ಮೊದಲು ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಮರಳಿ ಹೇಳಿ. ಆಮೇಲೆ ಕೇಳಬೇಕಾದ್ದನ್ನು ಕೇಳಿ: ಸಂಖ್ಯೆಗಳು ಬೇಕೋ, ಅವುಗಳ ಸ್ಥಾನ ಬೇಕೋ, ಒಂದೇ ಸಂಖ್ಯೆಯನ್ನು ಎರಡು ಸಲ ಬಳಸಬಹುದೋ, ಒಂದಕ್ಕಿಂತ ಹೆಚ್ಚು ಜೋಡಿ ಇದ್ದರೆ ಯಾವುದನ್ನು ಕೊಡಬೇಕು, ಪಟ್ಟಿ ಏರಿಕೆ ಕ್ರಮದಲ್ಲಿದೆಯೋ, ಎಷ್ಟು ದೊಡ್ಡದು. ಪ್ರಶ್ನೆ ಕೇಳಿದರೆ ಗೊತ್ತಿಲ್ಲದವನು ಎಂದುಕೊಂಡಾರು ಎಂಬ ಅಳುಕು ನಮ್ಮಲ್ಲಿದೆ. ವಾಸ್ತವದಲ್ಲಿ ಹಲವು ಸಂದರ್ಶಕರು ಬೇಕೆಂದೇ ಪ್ರಶ್ನೆಯನ್ನು ಅರ್ಧಂಬರ್ಧ ಹೇಳಿರುತ್ತಾರೆ, ಉಳಿದದ್ದನ್ನು ಅಭ್ಯರ್ಥಿ ಕೇಳುತ್ತಾರೆಯೇ ಎಂದು ನೋಡಲು.

ಅನಂತರ ಸರಳ ದಾರಿಯನ್ನು ಹೇಳಿ, ಅದರ ಬೆಲೆಯನ್ನೂ ಹೇಳಿ. ಪ್ರತಿ ಸಂಖ್ಯೆಯನ್ನು ಉಳಿದೆಲ್ಲವುಗಳ ಜೊತೆ ಕೂಡಿಸಿ ನೋಡಿದರೆ ಉತ್ತರ ಸಿಗುತ್ತದೆ, ಆದರೆ ಪಟ್ಟಿಯಲ್ಲಿ 1 ಲಕ್ಷ ಸಂಖ್ಯೆಗಳಿದ್ದರೆ ಸುಮಾರು 500 ಕೋಟಿ ಜೋಡಿಗಳನ್ನು ನೋಡಬೇಕಾಗುತ್ತದೆ. ಹೀಗೆ ಅಂಕಿಯಲ್ಲಿ ಹೇಳಿದ್ದು ಬರಿಯ ‘ಎನ್ ಸ್ಕ್ವೇರ್’ (ಸಂಖ್ಯೆಗಳ ಎಣಿಕೆಯ ವರ್ಗದಷ್ಟು ಕೆಲಸ) ಎಂದದ್ದಕ್ಕಿಂತ ಮನಸ್ಸಿಗೆ ತಟ್ಟುತ್ತದೆ. ಎರಡನ್ನೂ ಹೇಳಿದರೆ ಇನ್ನೂ ಒಳ್ಳೆಯದು. ಆಮೇಲೆ ಸುಧಾರಣೆ: ಪಟ್ಟಿಯನ್ನು ಒಮ್ಮೆ ಮಾತ್ರ ಓದುತ್ತ, ಕಂಡ ಸಂಖ್ಯೆಗಳನ್ನೆಲ್ಲ, ತಟ್ಟನೆ ಹುಡುಕಲು ಬರುವ ಕೋಷ್ಟಕವಾದ ಹ್ಯಾಶ್ ಮ್ಯಾಪ್‌ನಲ್ಲಿ ಇಟ್ಟುಕೊಂಡು, ಪ್ರತಿ ಹೆಜ್ಜೆಗೂ ಮೊತ್ತದಿಂದ ಈಗಿನ ಸಂಖ್ಯೆಯನ್ನು ಕಳೆದರೆ ಬರುವುದು ಮೊದಲೇ ಕಂಡಿದೆಯೇ ಎಂದು ನೋಡುವುದು. ಸಮಯ ಉಳಿಯುತ್ತದೆ, ಬದಲಿಗೆ ಮೆಮೊರಿ ಖರ್ಚಾಗುತ್ತದೆ. ಪಟ್ಟಿ ಏರಿಕೆ ಕ್ರಮದಲ್ಲೇ ಇದ್ದಿದ್ದರೆ ಎರಡು ತುದಿಗಳಿಂದ ಒಳಗೆ ಬರುತ್ತ ಆ ಮೆಮೊರಿಯನ್ನೂ ಉಳಿಸಬಹುದಿತ್ತು ಎಂದು ಸೇರಿಸಿ. ‘ಈ ದಾರಿಯಲ್ಲಿ ಬರೆಯಲೆ?’ ಎಂದು ಕೇಳಿ, ಒಪ್ಪಿಗೆ ಪಡೆದೇ ಕೋಡಿಗೆ ಕೈಹಾಕಿ.

ಕೋಡ್ ಬರೆದ ಮೇಲೆ ಚಿಕ್ಕ ಉದಾಹರಣೆಯೊಂದನ್ನು ಬಾಯಲ್ಲಿ ಓಡಿಸಿ ತೋರಿಸಿ. ಪಟ್ಟಿ 4, 9, 2, 7. ಬೇಕಾದ ಮೊತ್ತ 11. 4 ಬಂದಾಗ 7 ಬೇಕು, ಇನ್ನೂ ಕಂಡಿಲ್ಲ, 4 ಇಟ್ಟುಕೊಳ್ಳುತ್ತೇವೆ. 9 ಬಂದಾಗ 2 ಬೇಕು, ಕಂಡಿಲ್ಲ, 9 ಇಟ್ಟುಕೊಳ್ಳುತ್ತೇವೆ. 2 ಬಂದಾಗ 9 ಬೇಕು, ಕಂಡಿದೆ, ಇಲ್ಲಿಗೆ ನಿಲ್ಲುತ್ತದೆ. ಇದೇ ಪಟ್ಟಿಯಲ್ಲಿ 4 ಮತ್ತು 7 ಕೂಡ ಉತ್ತರವಾಗುತ್ತಿತ್ತು ಎಂಬುದನ್ನು ಗಮನಿಸಿ ಹೇಳಿದರೆ, ಮೊದಲು ‘ಹೆಚ್ಚು ಜೋಡಿ ಇದ್ದರೆ’ ಎಂದು ಕೇಳಿದ ಪ್ರಶ್ನೆಗೆ ಅರ್ಥ ಬರುತ್ತದೆ. ಇನ್ನೊಂದು ಪರೀಕ್ಷೆ: ಪಟ್ಟಿ 5, 3, ಮೊತ್ತ 10. ಸಂಖ್ಯೆಯನ್ನು ಮೊದಲು ಇಟ್ಟುಕೊಂಡು ಆಮೇಲೆ ಹುಡುಕಿದರೆ ಒಂದೇ 5 ಎರಡು ಸಲ ಎಣಿಕೆಯಾಗಿ ತಪ್ಪು ಉತ್ತರ ಬರುತ್ತದೆ. ಆದ್ದರಿಂದ ಹುಡುಕುವುದು ಮೊದಲು, ಇಡುವುದು ಆಮೇಲೆ. ಎರಡು ಸಾಲುಗಳ ಕ್ರಮಕ್ಕೆ ಇಷ್ಟು ಕಾರಣ ಕೊಟ್ಟವರು ಕೋಡನ್ನು ಉರುಹೊಡೆದವರಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಎಲ್ಲವನ್ನೂ ಎಡೆಬಿಡದೆ ಮಾತನಾಡುತ್ತಲೇ ಮಾಡಬೇಕೆಂದಿಲ್ಲ. ಯೋಚನೆಗೆ ಮೌನ ಬೇಕಾದರೆ ಅದನ್ನೂ ಹೇಳಿ ತೆಗೆದುಕೊಳ್ಳಿ: ‘ಎರಡು ದಾರಿ ಕಾಣುತ್ತಿವೆ, ಒಂದು ನಿಮಿಷ ಹೋಲಿಸಿ ನೋಡುತ್ತೇನೆ.’ ಹೇಳಿ ಸುಮ್ಮನಾದ ಅಭ್ಯರ್ಥಿಯನ್ನು ಸಂದರ್ಶಕರು ಸಮಾಧಾನದಿಂದ ಕಾಯುತ್ತಾರೆ.

ಹಂತ 4: ಕಾರ್ಖಾನೆಯ ಪ್ರಶ್ನೆಗೆ ಕ್ರಮವಾಗಿ ಹತ್ತಿರ ಹೋಗುವುದು

ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಅಭ್ಯರ್ಥಿಗಳ ಸಂದರ್ಶನದಲ್ಲಿ ವೈಟ್‌ಬೋರ್ಡಿನ ಬದಲು ಮೇಜಿನ ಮೇಲೆ ವಸ್ತುವೇ ಬಂದು ಕೂರುವುದುಂಟು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ರಂಧ್ರ ಬಿದ್ದ ಎರಕದ ತುಂಡನ್ನು ಮುಂದಿಟ್ಟು ‘ಇದು ಏಕೆ ಹೀಗಾಯಿತು?’ ಎಂದು ಕೇಳಬಹುದು. ಹತ್ತರಗಿಯ ಏರೋಸ್ಪೇಸ್ ವಿಶೇಷ ಆರ್ಥಿಕ ವಲಯದ ಮಷಿನಿಂಗ್ ಘಟಕದಲ್ಲಿ ಡ್ರಾಯಿಂಗ್ ಕೊಟ್ಟು ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಓದಿಸಬಹುದು.

ಎರಕದ ತುಂಡು ಕಂಡೊಡನೆ ‘ಬ್ಲೋ ಹೋಲ್ ಸರ್’ (ಅನಿಲದಿಂದಾದ ರಂಧ್ರ) ಎಂದು ತೀರ್ಪು ಕೊಡುವುದು ಅವಸರ. ಮೊದಲು ಕಂಡದ್ದನ್ನು ಹೇಳಿ: ರಂಧ್ರದ ಒಳಗೋಡೆ ನುಣುಪಾಗಿ, ದುಂಡಗಿದ್ದರೆ ಅನಿಲ ಸಿಕ್ಕಿಹಾಕಿಕೊಂಡ ಲಕ್ಷಣ, ಒರಟಾಗಿ, ಅಡ್ಡಾದಿಡ್ಡಿಯಾಗಿ, ತುಂಡಿನ ದಪ್ಪ ಭಾಗದಲ್ಲಿ ಇದ್ದರೆ ಲೋಹ ಗಟ್ಟಿಯಾಗುವಾಗ ಕುಗ್ಗಿ, ತುಂಬಲು ದ್ರವ ಲೋಹ ಸಾಲದೆ ಹೋದ ಲಕ್ಷಣ. ಎರಡಕ್ಕೂ ಮದ್ದು ಬೇರೆ ಬೇರೆ. ಆಮೇಲೆ ಬೇಕಾದ ಮಾಹಿತಿ ಕೇಳಿ: ಎಲ್ಲ ತುಂಡುಗಳಲ್ಲೂ ಹೀಗೆಯೋ, ಒಂದು ಪಾಳಿಯವುಗಳಲ್ಲಿ ಮಾತ್ರವೋ, ರಂಧ್ರ ಮೇಲ್ಭಾಗದಲ್ಲೇ ಬರುತ್ತದೆಯೋ, ಇತ್ತೀಚೆಗೆ ಅಚ್ಚಿನ ಮರಳು ಬದಲಾಗಿದೆಯೋ. ಕೊನೆಗೆ ಮೊದಲು ಏನನ್ನು ಪರೀಕ್ಷಿಸುತ್ತೀರಿ, ಅದನ್ನೇ ಏಕೆ ಎಂದು ಹೇಳಿ. ಗೋಡೆ ನುಣುಪಾಗಿದ್ದು, ಒಂದೇ ಪಾಳಿಯಲ್ಲಿ ಕಾಣುತ್ತಿದ್ದರೆ ಮರಳಿನ ತೇವ ಮತ್ತು ಗಾಳಿ ಹೊರಹೋಗುವ ಗುಣವನ್ನು ಮೊದಲು ಅಳೆಯುತ್ತೇನೆ, ಏಕೆಂದರೆ ಆ ಪರೀಕ್ಷೆ ಬೇಗ ಮುಗಿಯುತ್ತದೆ, ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ಮುಟ್ಟಬೇಕಾಗಿಲ್ಲ. ದಪ್ಪ ಭಾಗದಲ್ಲೇ ಎಲ್ಲ ತುಂಡುಗಳಲ್ಲೂ ಇದ್ದರೆ ರೈಸರ್ (ಕುಗ್ಗುವಾಗ ದ್ರವ ಲೋಹ ಪೂರೈಸುವ ಕುಳಿ) ಇರುವ ಜಾಗ ಮತ್ತು ಗಾತ್ರ ನೋಡುತ್ತೇನೆ. ಕಂಡದ್ದು, ಕೇಳಿದ್ದು, ಊಹಿಸಿದ್ದು, ಪರೀಕ್ಷಿಸುವುದು ಎಂಬ ಈ ಕ್ರಮ ಸಕ್ಕರೆ ಕಾರ್ಖಾನೆಯ ಪಂಪ್ ಕೆಟ್ಟ ಪ್ರಶ್ನೆಗೂ, ಸರ್ವರ್ ನಿಧಾನವಾದ ಪ್ರಶ್ನೆಗೂ ಹಾಗೆಯೇ ಒಗ್ಗುತ್ತದೆ.

ಹಂತ 5: ಗೊತ್ತಿಲ್ಲದಾಗ, ಒಪ್ಪದಿದ್ದಾಗ

ಗೊತ್ತಿಲ್ಲದ ಪ್ರಶ್ನೆಗೆ ಎರಡು ಕೆಟ್ಟ ಉತ್ತರಗಳಿವೆ: ಒಂದು, ತೇಲಿಸಿ ಮಾತನಾಡುವುದು, ಇನ್ನೊಂದು, ‘ಗೊತ್ತಿಲ್ಲ ಸರ್’ ಎಂದು ಅಲ್ಲಿಗೇ ಮುಗಿಸುವುದು. ಗೊತ್ತಿರುವ ಗಡಿಯನ್ನು ತೋರಿಸಿ, ಅಲ್ಲಿಂದ ಒಂದು ಹೆಜ್ಜೆ ಮುಂದಿಡುವುದು ಸರಿಯಾದ ದಾರಿ. ಡೇಟಾಬೇಸ್ ಇಂಡೆಕ್ಸ್ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಹೀಗೆ ಹೇಳಬಹುದು: ‘ಅದರ ಒಳರಚನೆಯನ್ನು ನಾನು ಓದಿಲ್ಲ. ಆದರೆ ಹುಡುಕಾಟ ವೇಗವಾಗುತ್ತದೆ, ಹೊಸ ದಾಖಲೆ ಸೇರಿಸುವುದು ಸ್ವಲ್ಪ ನಿಧಾನವಾಗುತ್ತದೆ ಎಂಬುದು ಗೊತ್ತು. ಅಂದ ಮೇಲೆ ಪ್ರತಿ ಸಲ ಸೇರಿಸುವಾಗಲೂ ಅದು ಒಂದು ಕ್ರಮವನ್ನು ಕಾಪಾಡಿಕೊಳ್ಳುತ್ತಿರಬೇಕು ಎಂದು ನನ್ನ ಊಹೆ.’ ಊಹೆಯನ್ನು ಊಹೆ ಎಂದೇ ಹೇಳಿದ್ದರಿಂದ ಅದು ತಪ್ಪಾದರೂ ನಷ್ಟವಿಲ್ಲ.

ಒಪ್ಪದಿರುವುದು ಇನ್ನೂ ಕಷ್ಟ. ಹಿರಿಯರು ಹೇಳಿದ್ದಕ್ಕೆ ‘ಹೌದ್ರಿ ಸರ್’ ಎನ್ನುವುದು ನಮಗೆ ಚಿಕ್ಕಂದಿನಿಂದ ಬಂದದ್ದು. ಸಂದರ್ಶಕರು ‘ಇದು ಸರಿಯಿದೆ ಅಂತೀರಾ?’ ಎಂದು ಹುಬ್ಬೇರಿಸಿದೊಡನೆ ಸರಿಯಿದ್ದ ಉತ್ತರವನ್ನೂ ಬದಲಿಸಿಬಿಡುವವರಿದ್ದಾರೆ. ಆ ಪ್ರಶ್ನೆ ಸುಳಿವೂ ಆಗಿರಬಹುದು, ನಿಮ್ಮ ದೃಢತೆಯ ಪರೀಕ್ಷೆಯೂ ಆಗಿರಬಹುದು. ಎರಡಕ್ಕೂ ಉತ್ತರ ಒಂದೇ, ‘ಮತ್ತೊಮ್ಮೆ ನೋಡುತ್ತೇನೆ’ ಎಂದು ಹೆಜ್ಜೆ ಹೆಜ್ಜೆಯಾಗಿ ಗಟ್ಟಿಯಾಗಿ ಪರಿಶೀಲಿಸುವುದು. ತಪ್ಪು ಸಿಕ್ಕರೆ ಒಪ್ಪಿಕೊಂಡು ತಿದ್ದಿ. ಸಿಗದಿದ್ದರೆ, ‘ನೀವು ಹೇಳಿದ ಸಂದರ್ಭದಲ್ಲಿ ಇದು ಹೀಗೆ ನಡೆಯುತ್ತದೆ ಎಂದು ನನಗೆ ಕಾಣುತ್ತಿದೆ, ನಾನು ಬಿಟ್ಟಿರುವ ಸಂದರ್ಭ ಬೇರೆ ಇದೆಯೆ?’ ಎಂದು ವಿನಯದಿಂದ ನಿಮ್ಮ ಜಾಗದಲ್ಲೇ ನಿಲ್ಲಿ.

ಹಂತ 6: ಭಾಷೆ

ಭಾಷೆಯನ್ನು ಇಷ್ಟು ಕೆಳಗೆ ಇಟ್ಟದ್ದು ಬೇಕೆಂದೇ. ಬೆಂಗಳೂರು, ಪುಣೆಯ ಸಾಫ್ಟ್‌ವೇರ್ ಕಂಪನಿಗಳ ಸಂದರ್ಶನ ಇಂಗ್ಲಿಷಿನಲ್ಲೇ ನಡೆಯುತ್ತದೆ. ಅಲ್ಲಿ ಬೇಕಾದದ್ದು ಚಿಕ್ಕ ವಾಕ್ಯಗಳು ಮತ್ತು ಸರಿಯಾದ ತಾಂತ್ರಿಕ ಪದಗಳು. ‘ಅದು ಹೋಗಿ ಇದಕ್ಕೆ ಕೊಡುತ್ತದೆ’ ಎನ್ನುವ ಬದಲು ಪ್ರತಿ ಭಾಗವನ್ನೂ ಹೆಸರಿಟ್ಟು ಕರೆದರೆ ವ್ಯಾಕರಣ ತುಸು ತಪ್ಪಿದರೂ ಅರ್ಥ ಕೆಡುವುದಿಲ್ಲ. ವಾಕ್ಯ ನಡುವೆ ಸಿಕ್ಕಿಕೊಂಡರೆ ‘ಲೆಟ್ ಮಿ ಪುಟ್ ಇಟ್ ಅನದರ್ ವೇ’ ಎಂದು ಬಿಟ್ಟು ಹೊಸದಾಗಿ ಶುರುಮಾಡಿ. ಸಿಕ್ಕಿದ ವಾಕ್ಯವನ್ನು ಎಳೆದಾಡಬೇಡಿ. ಮಾತಿನಿಂದ ಆಗದ್ದನ್ನು ಚಿತ್ರದಿಂದ ಹೇಳಲು ಅನುಮತಿ ಕೇಳಿ, ಬ್ಲಾಕ್ ಡಯಾಗ್ರಾಂ ಬರೆದು ಬೆರಳಿಟ್ಟು ವಿವರಿಸಿ. ಉತ್ತರ ಕರ್ನಾಟಕದ ನಮ್ಮ ಮಾತಿನ ವೇಗ ಇಂಗ್ಲಿಷಿಗೂ ಅಂಟಿಕೊಳ್ಳುವುದರಿಂದ, ಪ್ರತಿ ಮುಖ್ಯ ಅಂಶದ ನಂತರ ಒಂದು ಉಸಿರು ಬಿಡುವುದನ್ನು ರೂಢಿಸಿಕೊಳ್ಳಿ.

ಸ್ಥಳೀಯ ಕಾರ್ಖಾನೆಗಳ ಸಂದರ್ಶನದಲ್ಲಿ ಎದುರಿಗೆ ಕುಳಿತವರು ಶಾಪ್ ಫ್ಲೋರಿನಿಂದ ಬಂದವರಿರಬಹುದು. ಕನ್ನಡ, ಮರಾಠಿ, ಹಿಂದಿ ಮೂರೂ ಓಡಾಡುತ್ತವೆ. ಪ್ರಶ್ನೆ ಯಾವ ಭಾಷೆಯಲ್ಲಿ ಬಂತೋ ಅದರಲ್ಲೇ ಉತ್ತರಿಸುವುದು ಒಳ್ಳೆಯದು. ಕನ್ನಡದಲ್ಲಿ ಕೇಳಿದ್ದಕ್ಕೆ ಹಟ ಹಿಡಿದು ಇಂಗ್ಲಿಷಿನಲ್ಲಿ ಹೇಳಿ ತಡವರಿಸುವುದರಿಂದ ಯಾವ ಲಾಭವೂ ಇಲ್ಲ.

ಎಚ್‌ಆರ್ ರೌಂಡಿನ ‘ತಂಡದಲ್ಲಿ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ’ ಎಂಬಂಥ ಪ್ರಶ್ನೆಗಳಿಗೆ ಸನ್ನಿವೇಶ, ನಿಮ್ಮ ಹೊಣೆ, ನೀವು ಮಾಡಿದ್ದು, ಆದ ಫಲ ಎಂಬ ನಾಲ್ಕು ಮೆಟ್ಟಿಲುಗಳ ಕ್ರಮ ಸಾಕು; ಮೂರನೆಯದಕ್ಕೆ ಹೆಚ್ಚು ಸಮಯ ಕೊಡಿ.

ಹಂತ 7: ವಿಡಿಯೊ ಸಂದರ್ಶನ

ಊರಲ್ಲಿದ್ದು ಎದುರಿಸುವುದಾದರೆ ಕರೆಂಟ್ ಮತ್ತು ನೆಟ್‌ವರ್ಕ್ ಎರಡಕ್ಕೂ ಬದಲಿ ವ್ಯವಸ್ಥೆ ಇಟ್ಟುಕೊಳ್ಳಿ: ಪೂರ್ತಿ ಚಾರ್ಜ್ ಆದ ಲ್ಯಾಪ್‌ಟಾಪ್, ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನಿನ ಹಾಟ್‌ಸ್ಪಾಟ್. ಹಳ್ಳಿಯಲ್ಲಿ ಸಿಗ್ನಲ್ ನೆಚ್ಚುವಂತಿಲ್ಲದಿದ್ದರೆ ಹಿಂದಿನ ದಿನವೇ ಬಾಗಲಕೋಟೆಯ ನವನಗರದಲ್ಲಿಯೋ ವಿಜಯಪುರದಲ್ಲಿಯೋ ಇರುವ ಗೆಳೆಯರ ಕೋಣೆಗೆ ಬಂದುಬಿಡುವುದು ಲೇಸು. ಸಂಪರ್ಕ ಕಡಿದರೆ ಯಾವ ನಂಬರಿಗೆ ಕರೆ ಮಾಡಬಹುದು ಎಂಬುದನ್ನು ಆರಂಭದಲ್ಲೇ ತಿಳಿಸಿ. ವಿಡಿಯೊದಲ್ಲಿ ನಿಮ್ಮ ಮುಖಭಾವ ಅರ್ಧವೇ ತಲುಪುವುದರಿಂದ ‘ಈಗ ಎರಡನೆಯ ಸಾಲು ತಿದ್ದುತ್ತಿದ್ದೇನೆ’ ಎಂಬಂಥ ಚಿಕ್ಕ ಸೂಚನೆಗಳು ಹೆಚ್ಚು ಬೇಕು. ಪಕ್ಕದ ಪರದೆಯಲ್ಲಿ ಎಐ ಕೊಟ್ಟ ಉತ್ತರ ಓದುವವರ ಕಣ್ಣಿನ ಓಟ ಮತ್ತು ಪ್ರತಿ ಪ್ರಶ್ನೆಗೂ ಒಂದೇ ಅಳತೆಯ ವಿಳಂಬ ಸಂದರ್ಶಕರಿಗೆ ಬೇಗ ಗೊತ್ತಾಗುತ್ತದೆ. ‘ಈ ಸಾಲು ಏಕೆ?’ ಎಂಬ ಮರುಪ್ರಶ್ನೆಯೇ ಸಾಕು.

ಹಂತ 8: ಅಭ್ಯಾಸ

ಮೇಲಿನದೆಲ್ಲ ಓದಿ ಬರುವಂಥದ್ದಲ್ಲ. ಫೋನಿನಲ್ಲಿ ನಿಮ್ಮ ಉತ್ತರ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಮೊದಲ ಸಲ ಕೇಳಲು ಮುಜುಗರವೇ. ಮೂರು ವಿಷಯ ಮಾತ್ರ ಗಮನಿಸಿ: ಮುಖ್ಯ ಉತ್ತರ ಎಷ್ಟು ಹೊತ್ತಿಗೆ ಬಂತು, ಯಾವ ಕಾರಣದ ಕೊಂಡಿ ಬಿಟ್ಟುಹೋಯಿತು, ‘ಬೇಸಿಕಲಿ’, ‘ಆ್ಯಕ್ಚುಲಿ’ಗಳು ಎಷ್ಟು ಸಲ ಬಂದವು.

ಅಣಕು ಸಂದರ್ಶನಕ್ಕೆ ನಿಮ್ಮದೇ ಶಾಖೆಯ ಗೆಳೆಯರಿಗಿಂತ ಬೇರೆ ಶಾಖೆಯವರು ಉತ್ತಮ. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ ತನ್ನ ಪ್ರಾಜೆಕ್ಟನ್ನು ಸಿವಿಲ್ ವಿದ್ಯಾರ್ಥಿಗೆ ವಿವರಿಸಲಿ, ಕೇಳಿದವರು ಅದನ್ನು ಮರಳಿ ಹೇಳಲಿ; ಮರಳಿ ಹೇಳುವಾಗ ಎಲ್ಲಿ ತಪ್ಪಿದರೋ ಅಲ್ಲಿ ನಿಮ್ಮ ವಿವರಣೆ ಸಡಿಲವಾಗಿದೆ ಎಂದರ್ಥ. ಮೊದಲು ಕನ್ನಡದಲ್ಲೇ ಮಾಡಿ. ಯೋಚನೆಯ ಕ್ರಮ ಕನ್ನಡದಲ್ಲಿ ಗಟ್ಟಿಯಾದ ಮೇಲೆ ಅದೇ ಕ್ರಮವನ್ನು ಇಂಗ್ಲಿಷಿನಲ್ಲಿ ಹೇಳುವುದು ಅರ್ಧ ಕೆಲಸ. ಎರಡನ್ನೂ ಒಟ್ಟಿಗೆ ಹಿಡಿಯಲು ಹೋದಾಗಲೇ ನಾಲಿಗೆ ಕಟ್ಟುವುದು. ಕೋಡಿಂಗ್ ಪ್ರಶ್ನೆಗಳನ್ನು ಒಬ್ಬರೇ ಬಿಡಿಸುವಾಗಲೂ ಕೋಣೆಯಲ್ಲಿ ಗಟ್ಟಿಯಾಗಿ ಮಾತನಾಡುತ್ತಲೇ ಬಿಡಿಸಿ. ಹಾಸ್ಟೆಲಿನ ರೂಮ್‌ಮೇಟ್‌ಗಳು ನಕ್ಕರೆ ನಗಲಿ.

ಹಂತ 9: ಕೊನೆಯ ಐದು ನಿಮಿಷ ಮತ್ತು ಆ ಸಂಜೆ

‘ನಮ್ಮನ್ನು ಏನಾದರೂ ಕೇಳುವುದಿದೆಯೆ?’ ಎಂಬುದಕ್ಕೆ ‘ನೋ ಸರ್’ ಎಂದು ಎದ್ದು ಬರಬೇಡಿ. ಹೊಸಬರಿಗೆ ಮೊದಲ ಆರು ತಿಂಗಳು ಯಾವ ಬಗೆಯ ಕೆಲಸ ಕೊಡುತ್ತೀರಿ, ಬರೆದ ಕೋಡನ್ನು ಯಾರು ಪರಿಶೀಲಿಸುತ್ತಾರೆ, ಯಂತ್ರ ಕೆಟ್ಟಾಗ ಕಾರಣ ದಾಖಲಿಸುವ ಪದ್ಧತಿ ಹೇಗಿದೆ ಎಂಬಂಥ ಒಂದೆರಡು ಪ್ರಶ್ನೆಗಳು ನಿಮಗೂ ಉಪಯುಕ್ತ. ಸಂಬಳದ ವಿಷಯ ಎಚ್‌ಆರ್ ರೌಂಡಿಗೆ ಇರಲಿ.

ಅದೇ ಸಂಜೆ, ನೆನಪು ಹಸಿಯಿರುವಾಗಲೇ ಕೇಳಿದ ಪ್ರಶ್ನೆಗಳನ್ನೂ ನೀವು ಹೇಳಿದ ಉತ್ತರಗಳನ್ನೂ ಬರೆದಿಡಿ. ತಡವರಿಸಿದ ಜಾಗದ ಪಕ್ಕದಲ್ಲಿ ಕಾರಣ ವಿಷಯ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲು ಆಗಲಿಲ್ಲವೋ ಎಂದು ಗುರುತು ಹಾಕಿ. ಮೊದಲನೆಯದಕ್ಕೆ ಪುಸ್ತಕ ತೆಗೆಯಬೇಕು, ಎರಡನೆಯದಕ್ಕೆ ಫೋನಿನ ರೆಕಾರ್ಡರ್. ಸಂಪರ್ಕಿಸಿದವರ ಇಮೇಲ್ ಇದ್ದರೆ ಮರುದಿನದೊಳಗೆ ಎರಡು ಸಾಲಿನ ಧನ್ಯವಾದ ಕಳಿಸಬಹುದು, ಉದ್ದದ ಪತ್ರ ಬೇಡ. ಕೆಲವು ಕಂಪನಿಗಳು ಪ್ರಶ್ನೆಗಳನ್ನು ಹೊರಗೆ ಹಂಚಬಾರದೆಂದು ಮೊದಲೇ ಒಪ್ಪಿಗೆ ಬರೆಸಿಕೊಂಡಿರುತ್ತವೆ. ಅಂಥ ಕಡೆಯ ಟಿಪ್ಪಣಿಯನ್ನು ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕದೆ ನಿಮ್ಮ ಡೈರಿಯಲ್ಲೇ ಇಟ್ಟುಕೊಳ್ಳಿ.